ಹುಲ್ಲುಹಾಸಿನ ಲೆಕ್ಕದಲ್ಲಿ ಬರೆಯದ ಖರ್ಚು

ಖಾತೆಪುಸ್ತಕದಲ್ಲಿ ಬರೆಯದೆ ಬಿಟ್ಟ ಮಾತ್ರಕ್ಕೆ ಖರ್ಚು ಇಲ್ಲವಾಗುವುದಿಲ್ಲ. ಅದನ್ನು ಬೇರೆ ಯಾರೋ ಭರಿಸುತ್ತಿರುತ್ತಾರೆ, ಅಷ್ಟೆ. ವ್ಯಾಪಾರ ಬಲ್ಲ ಪ್ರತಿಯೊಬ್ಬರಿಗೂ ತಿಳಿದಿರುವ ಈ ಸತ್ಯವನ್ನು ಒಂದು ಸಾಮಾನ್ಯ ಯಂತ್ರದ ಚರಿತ್ರೆಗೆ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಆ ಯಂತ್ರವೇ ಹುಲ್ಲುಹಾಸನ್ನು ಸವರುವ ಲಾನ್ ಮೋವರ್. ಅದರ ಬೆನ್ನಿಗೆ ಬಂದ ಕಳೆ ಕತ್ತರಿಸುವ, ಎಲೆ ಊದುವ ಇತರ ತೋಟದ ಯಂತ್ರಗಳೂ ಅದೇ ವಂಶದವು. ಅಂಗಳವನ್ನು ಅಂದಗೊಳಿಸುವ ನಿರುಪದ್ರವಿ ಸಾಧನಗಳೆಂದು ಇವುಗಳನ್ನು ಜನರು ನಂಬಿದ್ದಾರೆ. ಆದರೆ 1830ರಿಂದ ಇಂದಿನವರೆಗಿನ ಚರಿತ್ರೆ ಬೇರೆಯೇ ಮಾತು ಹೇಳುತ್ತದೆ. ಯಂತ್ರದ ಬಲ ಹೆಚ್ಚಿದಂತೆಲ್ಲ ಅದರ ಸುಖ ಮಾಲೀಕನ ಪಾಲಿಗೂ, ಅದರ ಪೆಟ್ಟು ಬಾಯಿಲ್ಲದವರ ಪಾಲಿಗೂ ಹೋಗುತ್ತ ಬಂದಿದೆ. ಆ ಪೆಟ್ಟನ್ನು ಲೆಕ್ಕಕ್ಕೆ ತರುವ ಕೆಲಸವನ್ನು ತಯಾರಕರು ತಾವಾಗಿ ಮಾಡಿದ್ದು ಅಪರೂಪ; ಕಾನೂನು ಹಿಡಿದು ನಿಲ್ಲಿಸಿದಾಗ ಮಾತ್ರ ಮಾಡಿದರು.

ಉಣ್ಣೆಯ ಗಿರಣಿಯಿಂದ ತೋಟಕ್ಕೆ

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಪ್ರಾಂತದ ಸ್ಟ್ರೌಡ್ ಕಣಿವೆಯು ಉಣ್ಣೆಯ ಬಟ್ಟೆಗೆ ಹೆಸರಾದದ್ದು. ನೇಯ್ದ ಬಟ್ಟೆಯ ಮೇಲೆ ಎದ್ದುನಿಂತ ನವಿರುಗಳನ್ನು ಸಮನಾಗಿ ಕತ್ತರಿಸಲು ಅಲ್ಲಿಯ ಗಿರಣಿಗಳಲ್ಲಿ ಸುರುಳಿಯಾಕಾರದ ಅಲಗುಗಳುಳ್ಳ ಒಂದು ಉರುಳೆಯಂತ್ರವಿತ್ತು. ಬಟ್ಟೆಯ ನವಿರನ್ನು ಕತ್ತರಿಸುವ ಉಪಾಯವೇ ಹುಲ್ಲನ್ನೂ ಕತ್ತರಿಸಬಲ್ಲದೆಂದು ಕಂಡುಕೊಂಡವನು ಎಡ್ವಿನ್ ಬಿಯರ್ಡ್ ಬಡ್ಡಿಂಗ್ ಎಂಬ ಯಂತ್ರಕುಶಲಿ. 1830ರ ಆಗಸ್ಟ್ 31ರಂದು ಅವನಿಗೆ ಪೇಟೆಂಟ್ ದೊರೆಯಿತು. ಥ್ರಪ್ ಎಂಬ ಊರಿನಲ್ಲಿ ಜಾನ್ ಫೆರಬಿಯ ಫೀನಿಕ್ಸ್ ಕಬ್ಬಿಣದ ಕಾರ್ಖಾನೆಯಲ್ಲಿ 19 ಅಂಗುಲ ಅಗಲದ ಮೊದಲ ಯಂತ್ರಗಳು ತಯಾರಾದವು. ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಪ್ರಾಣಿಸಂಗ್ರಹಾಲಯವೂ ಆಕ್ಸ್‌ಫರ್ಡಿನ ಕಾಲೇಜುಗಳೂ ಆರಂಭದ ಗಿರಾಕಿಗಳಾದವು. 1832ರಲ್ಲಿ ಇಪ್ಸ್‌ವಿಚ್ ನಗರದ ರಾನ್ಸಮ್ಸ್ ಸಂಸ್ಥೆ ಪರವಾನಗಿ ಪಡೆದು ಇವನ್ನು ತಯಾರಿಸತೊಡಗಿತು. ಬಡ್ಡಿಂಗ್ 1846ರಲ್ಲಿ ತೀರಿಕೊಂಡನು.

ಇದಕ್ಕೆ ಮೊದಲು ಇಂಗ್ಲೆಂಡಿನ ಬಂಗಲೆಗಳ ಮುಂದಿನ ಹುಲ್ಲನ್ನು ಕುರಿಗಳು ಮೇಯುತ್ತಿದ್ದವು. ಇಲ್ಲವೆ ಉದ್ದ ಹಿಡಿಯ ಕುಡುಗೋಲಿನಿಂದ ಕೂಲಿಗಳು ಕೊಯ್ಯುತ್ತಿದ್ದರು. ಬಡ್ಡಿಂಗನ ಯಂತ್ರ ಭಾರವಾಗಿತ್ತು; ಒಬ್ಬನು ಹಿಂದಿನಿಂದ ತಳ್ಳುವಾಗ ಇನ್ನೊಬ್ಬನು ಮುಂದಿನಿಂದ ಎಳೆಯುವುದೂ ಇತ್ತು. ಗ್ರಾಮಾಂತರದ ಶ್ರೀಮಂತರಿಗೆ ಇದು ವಿನೋದವೂ ವ್ಯಾಯಾಮವೂ ಆದೀತೆಂದು ಪೇಟೆಂಟ್ ಪತ್ರದಲ್ಲಿಯೇ ಬರೆದಿತ್ತು. ಈ ಘಟ್ಟದಲ್ಲಿ ಯಂತ್ರದ ಖರ್ಚು ಬಹುಮಟ್ಟಿಗೆ ಖಾತೆಯಲ್ಲಿಯೇ ಇತ್ತೆಂಬುದು ಗಮನಾರ್ಹ. ತಳ್ಳುವವನ ಬೆವರಿಗೆ ಕೂಲಿ ಸಲ್ಲುತ್ತಿತ್ತು. ಅವನ ನಡಿಗೆಯ ವೇಗವೇ ಯಂತ್ರದ ವೇಗ. ಅವನು ನಿಂತರೆ ಅಲಗೂ ನಿಲ್ಲುತ್ತಿತ್ತು. ಮುಂದೆ ಕಪ್ಪೆಯೊಂದು ಕುಳಿತಿದ್ದರೆ ಕಾಣುವಷ್ಟು ಅವಕಾಶ ಅವನ ಕಣ್ಣಿಗೂ, ಜಿಗಿದು ಹೋಗುವಷ್ಟು ಅವಕಾಶ ಕಪ್ಪೆಗೂ ಇತ್ತು.

1842ರಲ್ಲಿ ಸ್ಕಾಟ್ಲೆಂಡಿನ ಆರ್‌ಬ್ರೋತ್ ಊರಿನ ಅಲೆಕ್ಸಾಂಡರ್ ಶ್ಯಾಂಕ್ಸ್ ಕುದುರೆ ಎಳೆಯುವ ದೊಡ್ಡ ಯಂತ್ರವನ್ನು ತಂದನು. ಗೊರಸಿನ ಗುರುತು ಹುಲ್ಲಿನ ಮೇಲೆ ಮೂಡದಿರಲೆಂದು ಕುದುರೆಯ ಕಾಲಿಗೆ ಚರ್ಮದ ಪಾದರಕ್ಷೆ ತೊಡಿಸುವ ವಾಡಿಕೆ ಬಂದಿತು. 1859ರ ಹೊತ್ತಿಗೆ ಲೀಡ್ಸ್ ನಗರದ ಥಾಮಸ್ ಗ್ರೀನ್ ಹಲ್ಲುಚಕ್ರಗಳ ಬದಲು ಸರಪಳಿಯಿಂದ ಅಲಗನ್ನು ತಿರುಗಿಸುವ ಯಂತ್ರ ಮಾಡಿ, ಸದ್ದು ಕಡಿಮೆಯೆಂಬ ಕಾರಣದಿಂದ ಅದಕ್ಕೆ ‘ಸೈಲೆನ್ಸ್ ಮೆಸ್ಸರ್’, ಅಂದರೆ ಲ್ಯಾಟಿನ್ ಭಾಷೆಯಲ್ಲಿ ‘ಮೌನವಾಗಿ ಕೊಯ್ಯುವವನು’ ಎಂದು ಹೆಸರಿಟ್ಟನು. ಆ ಕಾಲದಲ್ಲಿ ಮೌನವೇ ಮಾರಾಟಕ್ಕೆ ಯೋಗ್ಯವಾದ ಗುಣವಾಗಿತ್ತು. ನೆರೆಯವನ ಕಿವಿಯೂ ಲೆಕ್ಕಕ್ಕೆ ಸೇರಬೇಕೆಂಬ ವಿವೇಕ ಈ ಉದ್ಯಮಕ್ಕೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದದ್ದನ್ನು ಅದು ಮುಂದೆ ಮರೆಯಿತು.

ಎಂಜಿನ್ ಬಂದ ಮೇಲೆ

1893ರಲ್ಲಿ ಲ್ಯಾಂಕಶೈರಿನ ಜೇಮ್ಸ್ ಸಮ್ನರ್ ಹಬೆಯಿಂದ ಓಡುವ ಮೋವರಿಗೆ ಪೇಟೆಂಟ್ ಪಡೆದನು. ಅದು ಬಹಳ ಕಾಲ ಬಾಳಲಿಲ್ಲ. 1902ರಲ್ಲಿ ರಾನ್ಸಮ್ಸ್ ಸಂಸ್ಥೆ ಪೆಟ್ರೋಲ್ ಎಂಜಿನ್ನಿನ ಮೋವರನ್ನು ಮಾರುಕಟ್ಟೆಗೆ ಇಳಿಸಿತು. 1921ರಲ್ಲಿ ಬರ್ಮಿಂಗ್‌ಹ್ಯಾಮಿನ ಚಾರ್ಲ್ಸ್ ಎಚ್. ಪ್ಯೂ ಕಂಪನಿ ‘ಆಟ್ಕೊ’ ಮೋವರನ್ನು ಆರಂಭಿಸಿ, ಮೊದಲ ವರ್ಷ 900 ಯಂತ್ರಗಳನ್ನು ಮಾಡಿತು. ಶ್ರೀಮಂತರ ಬಂಗಲೆಯಿಂದ ಮಧ್ಯಮವರ್ಗದ ಮನೆಯಂಗಳಕ್ಕೆ ಎಂಜಿನ್ ಇಳಿದುಬಂದದ್ದು ಹೀಗೆ.

ಇದಕ್ಕಿಂತಲೂ ದೊಡ್ಡ ಬದಲಾವಣೆ ಅಲಗಿನಲ್ಲಿ ಆಯಿತು. ಬಡ್ಡಿಂಗನ ಉರುಳೆಯು ಕತ್ತರಿಯಂತೆ ಎರಡು ಅಲಗುಗಳ ನಡುವೆ ಹುಲ್ಲನ್ನು ಹಿಡಿದು ಕತ್ತರಿಸುತ್ತಿತ್ತು. 1933ರಲ್ಲಿ ಇಂಗ್ಲೆಂಡಿನಲ್ಲಿ ಬಂದ ‘ರೋಟೋಸೈದ್’ ಎಂಬ ಯಂತ್ರದಲ್ಲಿ ಅಡ್ಡಲಾಗಿ ಗಿರಗಿರನೆ ಸುತ್ತುವ ಅಲಗು ಹುಲ್ಲನ್ನು ಹೊಡೆದು ಹರಿಯತೊಡಗಿತು. ಎರಡನೆಯ ಮಹಾಯುದ್ಧದ ನಂತರ ಈ ರೋಟರಿ ಮಾದರಿಯೇ ಜಗತ್ತನ್ನು ವ್ಯಾಪಿಸಿತು. 1952ರಲ್ಲಿ ಸಿಡ್ನಿಯ ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ ತನ್ನ ಮನೆಯ ಗ್ಯಾರೇಜಿನಲ್ಲಿ, ಪೀಚ್ ಹಣ್ಣಿನ ಖಾಲಿ ಡಬ್ಬಿಯನ್ನೇ ಪೆಟ್ರೋಲ್ ಟ್ಯಾಂಕ್ ಮಾಡಿ, ‘ವಿಕ್ಟಾ’ ಮೋವರನ್ನು ಕಟ್ಟಿದನು. 1953ರಲ್ಲಿ ಅಮೆರಿಕದ ಮಿಲ್ವಾಕಿಯ ಬ್ರಿಗ್ಸ್ ಆಂಡ್ ಸ್ಟ್ರಾಟನ್ ಕಂಪನಿ ಅಚ್ಚು ಹೊಯ್ದ ಹಗುರವಾದ ಅಲ್ಯುಮಿನಿಯಂ ಎಂಜಿನ್ನನ್ನು ಹೊರತಂದಿತು. ಬೆಲೆ ಇಳಿಯಿತು, ಭಾರ ಇಳಿಯಿತು, ಮಾರಾಟ ಏರಿತು. ನ್ಯೂಯಾರ್ಕಿನ ಬಳಿ 1947ರಿಂದ ಕಟ್ಟಲಾದ ಲೆವಿಟೌನ್ ಬಡಾವಣೆಯಲ್ಲಿ ಹುಲ್ಲನ್ನು ವಾರಕ್ಕೊಮ್ಮೆ ಕತ್ತರಿಸಬೇಕೆಂಬ ಷರತ್ತೇ ಇತ್ತು. ಹುಲ್ಲು ಬೆಳೆಯುವುದು ತಪ್ಪು ಎಂಬ ಭಾವನೆ ಹೀಗೆ ನೆರೆಹೊರೆಯ ಮರ್ಯಾದೆಯ ಪ್ರಶ್ನೆಯಾಗಿ ಬೇರೂರಿತು.

ಬೆಲೆಯ ಚೀಟಿಯಲ್ಲಿ ಬರೆಯದ ಮೊದಲ ಖರ್ಚು ಮನುಷ್ಯರ ಬೆರಳುಗಳು. ಅಮೆರಿಕದ ಮಾನಕದ ಪ್ರಕಾರ ರೋಟರಿ ಅಲಗಿನ ತುದಿಗೆ ಅನುಮತಿಸಿದ ವೇಗದ ಮೇಲ್ಮಿತಿಯೇ ನಿಮಿಷಕ್ಕೆ 19,000 ಅಡಿ. ಅಂದರೆ ಗಂಟೆಗೆ ಸುಮಾರು 345 ಕಿಲೋಮೀಟರ್. ಆ ದೇಶದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಅಲಗು ತಗುಲಿ ಗಾಯಗೊಳ್ಳುವವರ ಸಂಖ್ಯೆಯನ್ನು ವರ್ಷಕ್ಕೆ ಸುಮಾರು 77,000 ಎಂದು ಅಂದಾಜು ಮಾಡಿತು. ಅವರಲ್ಲಿ ಸಾವಿರಾರು ಜನರು ಬೆರಳುಗಳನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತಿದ್ದರು. ಹಿಡಿಯನ್ನು ಬಿಟ್ಟ ಮೂರು ಸೆಕೆಂಡುಗಳೊಳಗೆ ಅಲಗು ನಿಲ್ಲಬೇಕೆಂದು ಆಯೋಗವು 1979ರಲ್ಲಿ ನಿಯಮ ಹೊರಡಿಸಿದಾಗ ತಯಾರಕರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1980ರಲ್ಲಿ ಮೇಲ್ಮನವಿ ನ್ಯಾಯಾಲಯವು ಬೇರೆ ಕೆಲವು ಅಂಶಗಳನ್ನು ತಳ್ಳಿಹಾಕಿದರೂ ಮೂರು ಸೆಕೆಂಡಿನ ನಿಯಮವನ್ನು ಎತ್ತಿಹಿಡಿಯಿತು. 1982ರಿಂದ ಅದು ಜಾರಿಗೆ ಬಂದಿತು. ಯಾವ ಕಾರ್ಖಾನೆಯೂ ಅದರಿಂದಾಗಿ ಲಾನ್ ಮೋವರ್ ಮಾಡುವುದನ್ನು ಅಸಾಧ್ಯವೆಂದು ಕೈಬಿಡಬೇಕಾಗಲಿಲ್ಲ. ಮಾಡಬಹುದಾಗಿದ್ದ ಕೆಲಸವನ್ನು, ಮಾಡಲೇಬೇಕೆಂದು ಹೇಳಿದ ಮೇಲೆಯೇ ಮಾಡಲಾಯಿತು.

ಹೊಗೆ ಮತ್ತು ಸದ್ದು

ಎರಡನೆಯ ಖರ್ಚು ಗಾಳಿಯಲ್ಲಿ ಕರಗಿಹೋದದ್ದರಿಂದ ಇನ್ನೂ ಹೆಚ್ಚು ಕಾಲ ಬಚ್ಚಿಟ್ಟುಕೊಂಡಿತು. 1971ರಲ್ಲಿ ಹ್ಯೂಸ್ಟನ್ ನಗರದ ಜಾರ್ಜ್ ಬಲ್ಲಾಸ್ ಎಂಬಾತ ಕಾರು ತೊಳೆಯುವ ಯಂತ್ರದ ತಿರುಗುವ ಕುಂಚಗಳನ್ನು ಕಂಡು, ನೈಲಾನ್ ದಾರವನ್ನು ವೇಗವಾಗಿ ತಿರುಗಿಸಿ ಕಳೆ ಕತ್ತರಿಸುವ ಉಪಕರಣವನ್ನು ರೂಪಿಸಿದನು. ಅದೇ ದಶಕದಲ್ಲಿ ಎಲೆ ಊದುವ ಲೀಫ್ ಬ್ಲೋವರ್ ಹಬ್ಬಿತು. ಇವುಗಳಲ್ಲಿ ಬಹುಪಾಲು ನಡೆದದ್ದು ಟೂ-ಸ್ಟ್ರೋಕ್ ಎಂಜಿನ್ನಿನಿಂದ. ಎಣ್ಣೆ ಬೆರೆಸಿದ ಪೆಟ್ರೋಲ್ ಹಾಕಿ ಹಳೆಯ ಸ್ಕೂಟರ್ ಓಡಿಸಿದವರಿಗೆ ಈ ಎಂಜಿನ್ನಿನ ಪರಿಚಯ ಚೆನ್ನಾಗಿಯೇ ಇದೆ. ಹೊಸ ಇಂಧನ ಒಳಗೆ ಬರುವಾಗಲೇ ಹಳೆಯ ಹೊಗೆ ಹೊರಗೆ ಹೋಗುವ ರಚನೆಯಾದ್ದರಿಂದ ಸುಡದ ಇಂಧನದ ಒಂದು ಪಾಲು ನೇರವಾಗಿ ಗಾಳಿಗೆ ಸೇರುತ್ತದೆ.

ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಯ ಲೆಕ್ಕ ಇಲ್ಲಿ ಕಣ್ತೆರೆಸುವಂತಿದೆ. ಮಬ್ಬುಗವಿಸುವ ಮಾಲಿನ್ಯವನ್ನು ಅಳತೆಗೋಲಾಗಿಟ್ಟು ನೋಡಿದರೆ, ವೃತ್ತಿನಿರತರು ಬಳಸುವ ಮೋವರನ್ನು ಒಂದು ಗಂಟೆ ಓಡಿಸುವುದು 2017ರ ಟೊಯೋಟ ಕ್ಯಾಮ್ರಿ ಕಾರನ್ನು ಸುಮಾರು 480 ಕಿಲೋಮೀಟರ್ ಓಡಿಸಿದ್ದಕ್ಕೂ, ಲೀಫ್ ಬ್ಲೋವರನ್ನು ಒಂದು ಗಂಟೆ ಓಡಿಸುವುದು ಅದೇ ಕಾರನ್ನು ಸುಮಾರು 1,770 ಕಿಲೋಮೀಟರ್ ಓಡಿಸಿದ್ದಕ್ಕೂ ಸಮ. ಅಂಗಳದ ಒಣಗಿದ ಎಲೆಗಳನ್ನು ಇಲ್ಲಿಂದ ಅಲ್ಲಿಗೆ ಸರಿಸಲು ಇಷ್ಟೊಂದು ವೆಚ್ಚವೇ? ಪೊರಕೆಗೆ ಈ ಲೆಕ್ಕದಲ್ಲಿ ಸೊನ್ನೆ.

ಈ ಹೊಗೆಯನ್ನು ತಗ್ಗಿಸಲು ಕಾರುಗಳಲ್ಲಿರುವಂಥ ಕ್ಯಾಟಲಿಟಿಕ್ ಕನ್ವರ್ಟರನ್ನು ಅಳವಡಿಸುವ ಮಾತು ಬಂದಾಗ ಎಂಜಿನ್ ತಯಾರಕರು ಬೆಂಕಿ ಹತ್ತುವ ಅಪಾಯವಿದೆಯೆಂದು ಕೂಗೆಬ್ಬಿಸಿದರು. ಎಂಜಿನ್ ಕಾರ್ಖಾನೆಗಳಿದ್ದ ಮಿಸೌರಿ ರಾಜ್ಯದ ಸೆನೆಟರ್ ಕಿಟ್ ಬಾಂಡ್ ಅವರ ಪ್ರಯತ್ನದಿಂದ, ಕ್ಯಾಲಿಫೋರ್ನಿಯಾದ ಹೊರತು ಬೇರೆ ರಾಜ್ಯಗಳು ಇಂಥ ನಿಯಮ ಮಾಡದಂತೆ 2004ರಲ್ಲಿ ತಡೆ ಬಿದ್ದಿತು. ಆ ಬಳಿಕ ಕೇಂದ್ರ ಪರಿಸರ ಸಂರಕ್ಷಣಾ ಸಂಸ್ಥೆ ನಡೆಸಿದ ಪರೀಕ್ಷೆಯು 2006ರಲ್ಲಿ ಹೊರಬಂದು, ಸರಿಯಾಗಿ ವಿನ್ಯಾಸ ಮಾಡಿದರೆ ಬೆಂಕಿಯ ಅಪಾಯ ಹೆಚ್ಚುವುದಿಲ್ಲವೆಂದು ತೋರಿಸಿಕೊಟ್ಟಿತು. 2008ರಲ್ಲಿ ಬಿಗಿಯಾದ ನಿಯಮ ಬಂದಿತು. ತಯಾರಕರು ಅದನ್ನೂ ಪಾಲಿಸಿದರು. ಬೆರಳಿನ ವಿಷಯದಲ್ಲಿ ನಡೆದ ನಾಟಕವೇ ಹೊಗೆಯ ವಿಷಯದಲ್ಲಿಯೂ ಮರಳಿ ನಡೆಯಿತು. ಮೊದಲು ‘ಸಾಧ್ಯವಿಲ್ಲ’, ಅನಂತರ ‘ಅಪಾಯ’, ಕಟ್ಟಕಡೆಗೆ ‘ಆಗಲಿ’.

ಸದ್ದಿನ ಕಥೆಯೂ ಇದೇ. ಕ್ಯಾಲಿಫೋರ್ನಿಯಾದ ಕಾರ್ಮೆಲ್ ಎಂಬ ಪುಟ್ಟ ಊರು 1975ರಲ್ಲಿಯೇ ಲೀಫ್ ಬ್ಲೋವರನ್ನು ನಿಷೇಧಿಸಿತು. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಪೆಟ್ರೋಲ್ ಬ್ಲೋವರಿನ ನಿಷೇಧ ಜಾರಿಗೆ ಬಂದದ್ದು 2022ರಲ್ಲಿ. ಪೆಟ್ರೋಲಿನ ಬಹುತೇಕ ಹೊಸ ತೋಟದ ಯಂತ್ರಗಳನ್ನು 2024ರ ಮಾದರಿಯಿಂದ ನಿಲ್ಲಿಸಲು ಕ್ಯಾಲಿಫೋರ್ನಿಯಾ 2021ರಲ್ಲಿ ಕಾಯ್ದೆ ಮಾಡಿತು. ಒಂದು ಪುಟ್ಟ ಊರಿಗೆ ಹೊಳೆದ ವಿವೇಕವು ರಾಜ್ಯಕ್ಕೆ ತಲುಪಲು ಅರ್ಧ ಶತಮಾನ ಹಿಡಿಯಿತು. ಆ ಐವತ್ತು ವರ್ಷಗಳ ಖರ್ಚನ್ನು ಭರಿಸಿದವರು ದಿನವಿಡೀ ಆ ಎಂಜಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ದುಡಿದ ಕೂಲಿಗಳು. ಅವರ ಕಿವಿ ಮಂದವಾದದ್ದು ಯಾವ ಮನೆಯೊಡೆಯನ ಖಾತೆಯಲ್ಲಿಯೂ ಬರೆದಿಲ್ಲ.

ಕಾಣದ ಜೀವಿಗಳು

ಮೂರನೆಯ ಖರ್ಚನ್ನು ಭರಿಸುವವರು ನ್ಯಾಯಾಲಯಕ್ಕೆ ಹೋಗಲಾರರು. 1995ರಲ್ಲಿ ಸ್ವೀಡನ್ನಿನ ಹಸ್ಕ್ವಾರ್ನ ಸಂಸ್ಥೆ ತಾನಾಗಿಯೇ ಅಡ್ಡಾಡಿ ಹುಲ್ಲು ಕತ್ತರಿಸುವ ಸೌರಶಕ್ತಿಯ ಯಂತ್ರವನ್ನು ತಂದಿತು. ಹೊಗೆಯಿಲ್ಲ, ಸದ್ದು ಅತ್ಯಲ್ಪ. ಹಳೆಯ ದೋಷಗಳೆಲ್ಲ ತೀರಿದವೆಂದು ಜನರು ತಿಳಿದರು. ಆದರೆ ಯಂತ್ರವನ್ನು ರಾತ್ರಿಯೂ ಬಿಡಬಹುದಾದ್ದರಿಂದ ಹೊಸ ದೋಷ ಹುಟ್ಟಿತು. ಯೂರೋಪಿನಲ್ಲಿ ಹೆಜ್‌ಹಾಗ್ ಎಂಬ ಮೈತುಂಬ ಮುಳ್ಳಿರುವ ಒಂದು ಸಣ್ಣ ಪ್ರಾಣಿಯುಂಟು. ಅದು ರಾತ್ರಿ ಸಂಚರಿಸುತ್ತದೆ. ಅಪಾಯ ಕಂಡರೆ ಓಡುವುದಿಲ್ಲ, ಮುದುಡಿ ಅಲ್ಲಿಯೇ ಕುಳಿತುಬಿಡುತ್ತದೆ. ಡೆನ್ಮಾರ್ಕಿನ ಸಂಶೋಧಕಿ ಸೋಫಿ ಲುಂಡ್ ರಾಸ್ಮುಸೆನ್ ಮತ್ತು ಸಹೋದ್ಯೋಗಿಗಳು ಬೇರೆ ಕಾರಣಗಳಿಂದ ಸತ್ತಿದ್ದ ಹೆಜ್‌ಹಾಗ್‌ಗಳ ದೇಹಗಳನ್ನಿಟ್ಟು 18 ಮಾದರಿಯ ರೋಬಾಟ್ ಮೋವರುಗಳನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮುಟ್ಟದೆಯೇ ಪ್ರಾಣಿಯಿರುವುದನ್ನು ಅರಿತ ಯಂತ್ರ ಒಂದೂ ಇರಲಿಲ್ಲ. 200 ಗ್ರಾಮಿಗಿಂತ ಕಡಿಮೆ ತೂಕದ ಮರಿಗಳಂತೂ ಯಾವುದಕ್ಕೂ ತಿಳಿಯಲಿಲ್ಲ. ಜರ್ಮನಿಯ ಕಲೋನ್ ನಗರ 2024ರಲ್ಲಿ ಈ ಯಂತ್ರಗಳ ರಾತ್ರಿ ಸಂಚಾರವನ್ನು ನಿಷೇಧಿಸಿತು.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನ 16 ಮನೆಯಂಗಳಗಳಲ್ಲಿ ಸುಸನ್ನಾ ಲೆರ್ಮನ್ ಮೊದಲಾದವರು ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವು ಇನ್ನೊಂದು ಪಾಠ ಹೇಳುತ್ತದೆ. ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ, ಮೂರು ವಾರಕ್ಕೊಮ್ಮೆ ಹುಲ್ಲು ಕತ್ತರಿಸಿ ಹೋಲಿಸಿದಾಗ, ಎರಡು ವಾರದ ಅಂತರವಿದ್ದ ಅಂಗಳಗಳಲ್ಲಿ ದುಂಬಿ-ಜೇನುಗಳ ಸಂಖ್ಯೆ ಅತಿ ಹೆಚ್ಚಾಗಿತ್ತು. ಮೂರು ವಾರ ಬಿಟ್ಟಲ್ಲಿ ಹುಲ್ಲಿನ ನಡುವೆ ಅರಳಿದ ಹೂಗಳು ಎರಡೂವರೆ ಪಟ್ಟು ಹೆಚ್ಚಾಗಿದ್ದವು. ಇದಕ್ಕಾಗಿ ಯಾರೂ ಏನನ್ನೂ ಕೊಳ್ಳಬೇಕಾಗಲಿಲ್ಲ. ಒಂದು ಕೆಲಸವನ್ನು ತುಸು ಕಡಿಮೆ ಮಾಡಿದ್ದಷ್ಟೇ ಸಾಕಾಯಿತು.

ಶ್ರಾವಕನ ಅಳತೆಗೋಲು

ಈ ಚರಿತ್ರೆಯು ಪರದೇಶದ್ದು, ಇಲ್ಲಿಯವರಿಗೆ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಯಾತ್ರಿನಿವಾಸದ ಮುಂದೆಯೋ ಕಲ್ಯಾಣಮಂಟಪದ ಸುತ್ತಲೋ ಹುಲ್ಲುಹಾಸು ಹಾಸಿ ಯಂತ್ರ ಕೊಳ್ಳಲು ಯೋಚಿಸುವ ವಿಶ್ವಸ್ತ ಮಂಡಳಿಗೆ ಸಂಬಂಧ ಉಂಟು. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನು ಬಿಡಬೇಕಾದ ಅನರ್ಥದಂಡಗಳು ಐದು. ಅವುಗಳಲ್ಲಿ ಪ್ರಮಾದಚರ್ಯೆಯೆಂದರೆ ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕದಡುವುದು, ಸಸ್ಯಗಳನ್ನು ಕತ್ತರಿಸುವುದು. ಹಿಂಸಾದಾನವೆಂದರೆ ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ ಮುಂತಾದ ಹಿಂಸೆಯ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದು. ವಾರವಾರವೂ ಯಾರ ಹಸಿವಿಗೂ ಯಾವ ಪಶುವಿನ ಮೇವಿಗೂ ಅಲ್ಲದೆ ಹುಲ್ಲು ಕತ್ತರಿಸಿ ಎಸೆಯುವ ಕೆಲಸಕ್ಕೆ ಈ ಮಾತುಗಳಿಗಿಂತ ಸ್ಪಷ್ಟವಾದ ವರ್ಣನೆ ಬೇಕೆ? ಯಂತ್ರವನ್ನು ಮಾಲಿಯ ಕೈಗಿತ್ತು ತಾನು ಅಲಗು ಮುಟ್ಟಲಿಲ್ಲವೆನ್ನುವವನಿಗೆ ಎರಡನೆಯ ಮಾತು ಉತ್ತರವಾಗಿದೆ.

ಗೃಹಸ್ಥನಿಗೆ ಏಕೇಂದ್ರಿಯ ಹಿಂಸೆ ಸಂಪೂರ್ಣವಾಗಿ ತಪ್ಪದೆಂಬ ಆಕ್ಷೇಪ ಬರುವುದುಂಟು. ನಿಜ, ಅಡುಗೆ, ಬೇಸಾಯ, ಮನೆ ಕಟ್ಟುವುದು ಇವುಗಳಲ್ಲಿ ಆರಂಭೀ ಹಿಂಸೆ ಇದ್ದೇ ಇದೆ. ಜನ ನಡೆಯುವ ದಾರಿಯ ಬದಿಯಲ್ಲಿ ಹಾವು ಅಡಗದಂತೆ ಹುಲ್ಲು ಸವರುವುದೂ, ಮಕ್ಕಳು ಆಡುವ ಬಯಲನ್ನು ಸಮವಾಗಿಡುವುದೂ ಪ್ರಯೋಜನವುಳ್ಳ ಕೆಲಸಗಳೇ. ಆದರೆ ತಪ್ಪದ ಹಿಂಸೆಯ ಹೆಸರು ಹೇಳಿ ತಪ್ಪಿಸಬಹುದಾದ ಹಿಂಸೆಯನ್ನು ಒಳಗೆ ಸೇರಿಸುವುದು ಸುಳ್ಳು ಲೆಕ್ಕ. ಯಾರೂ ಕಾಲಿಡಬಾರದೆಂದು ಫಲಕ ನೆಟ್ಟ ಹುಲ್ಲುಹಾಸು ಯಾವ ಪ್ರಯೋಜನಕ್ಕೆ?

ಬ್ಯಾಟರಿಯ ಯಂತ್ರ ಬಂದಿರುವುದರಿಂದ ಪ್ರಶ್ನೆ ಮುಗಿಯಿತೆಂಬ ವಾದವೂ ಇದೆ. ಹೊಗೆ ಮತ್ತು ಸದ್ದಿನ ಮಟ್ಟಿಗೆ ಅದು ಒಳ್ಳೆಯದೇ. ಆದರೆ ಪೆಟ್ರೋಲಿನ ಅಲಗಿಗೂ ಬ್ಯಾಟರಿಯ ಅಲಗಿಗೂ ಸಿಕ್ಕ ಮಿಡತೆಯ ಪಾಲಿಗೆ ವ್ಯತ್ಯಾಸವಿಲ್ಲ. ದಿಗಂಬರ ಮುನಿಗಳು ಕುಳಿತುಕೊಳ್ಳುವ ಜಾಗವನ್ನು ನವಿಲುಗರಿಯ ಪಿಂಛಿಯಿಂದ ಮೃದುವಾಗಿ ಸವರಿ, ಸೂಕ್ಷ್ಮ ಜೀವಿಗೂ ನೋವಾಗದಂತೆ ಸರಿಸಿ ಕುಳಿತುಕೊಳ್ಳುತ್ತಾರೆ. ಅಂಥವರು ಬಂದು ನಿಲ್ಲುವ ಕ್ಷೇತ್ರದ ಅಂಗಳವನ್ನು ಗಂಟೆಗೆ 250 ಕಿಲೋಮೀಟರಿಗೂ ಮೀರಿದ ವೇಗದ ಗಾಳಿಯಿಂದ ಊದಿಸುವುದು ಎಂಥ ವಿಪರ್ಯಾಸ! ಚಾತುರ್ಮಾಸದಲ್ಲಿ ಮುನಿಗಳು ಒಂದೆಡೆ ನಿಲ್ಲುವುದು ಮಳೆಗಾಲದಲ್ಲಿ ಚಿಗುರೂ ಹುಳುವೂ ನೆಲ ತುಂಬಿರುತ್ತವೆಂಬ ಕಾರಣದಿಂದ. ಹುಲ್ಲು ಹುಲುಸಾಗಿ ಬೆಳೆದು ಯಂತ್ರಕ್ಕೆ ಅತಿ ಹೆಚ್ಚು ಕೆಲಸ ಬೀಳುವುದೂ ಅದೇ ನಾಲ್ಕು ತಿಂಗಳುಗಳಲ್ಲಿ.

ಆದುದರಿಂದ ವಿಶ್ವಸ್ತ ಮಂಡಳಿಗಳು ಮಾಡಬೇಕಾದ ಕೆಲಸ ಕಠಿಣವಾದದ್ದೇನಲ್ಲ. ಹೊಸದಾಗಿ ಹುಲ್ಲುಹಾಸು ಹಾಸುವ ಮೊದಲು ಅದು ಯಾರ ಉಪಯೋಗಕ್ಕೆಂದು ಠರಾವಿನಲ್ಲಿಯೇ ಬರೆಯಲಿ; ಬರೆಯಲು ಉತ್ತರ ಸಿಗದಿದ್ದರೆ ಆ ಜಾಗದಲ್ಲಿ ನೆರಳಿನ ಗಿಡ ನೆಡಲಿ. ಈಗಾಗಲೇ ಇರುವ ಹುಲ್ಲಿನಲ್ಲಿ ದಾರಿಯಷ್ಟನ್ನು ಮಾತ್ರ ಕತ್ತರಿಸಿ ಉಳಿದುದನ್ನು ಬಿಡಲಿ. ಕತ್ತರಿಸಲೇಬೇಕಾದಲ್ಲಿ ಬಡ್ಡಿಂಗನ ವಂಶದ ಕೈಯಿಂದ ತಳ್ಳುವ ಉರುಳೆಯಂತ್ರ ಇಂದಿಗೂ ತಯಾರಾಗುತ್ತಿದೆ. ಬಿಸಿಲೇರಿದ ಮೇಲೆ, ಮೊದಲು ಕಣ್ಣಿನಿಂದ ನೋಡಿ, ನಡುವಿನಿಂದ ಅಂಚಿನ ಕಡೆಗೆ ನಿಧಾನವಾಗಿ ತಳ್ಳಿದರೆ ಜೀವಿಗಳಿಗೆ ತಪ್ಪಿಸಿಕೊಳ್ಳುವ ದಾರಿಯಿರುತ್ತದೆ. ಕತ್ತರಿಸಿದ ಹುಲ್ಲು ಗೋವಿನ ಬಾಯಿಗೆ ಹೋಗಲಿ. ಎಲೆಗೆ ಪೊರಕೆ ಸಾಕು. ಎಂಜಿನ್ ಅನಿವಾರ್ಯವಾದ ಕಡೆ ಮಾಲಿಗೆ ಕಿವಿಗೂ ಕಣ್ಣಿಗೂ ರಕ್ಷಣೆಯನ್ನು ಸಂಸ್ಥೆಯ ಖರ್ಚಿನಲ್ಲಿಯೇ ಕೊಡತಕ್ಕದ್ದು.

ಈ ಯಂತ್ರದ ಚರಿತ್ರೆಯಲ್ಲಿ ಪ್ರತಿಯೊಂದು ಸುಧಾರಣೆಯೂ ಕಾನೂನಿನ ಬಲವಂತಕ್ಕಾಗಿ ಕಾಯಿತು. ಅಣುವ್ರತಿಯಾದ ಶ್ರಾವಕನು ಹಾಗೆ ಕಾಯಬೇಕಾಗಿಲ್ಲ. ಅವನ ನಿಯಮ ಅವನ ಕೈಯಲ್ಲಿಯೇ ಇದೆ. ಬೆರಳು, ಕಿವಿ, ಗಾಳಿ, ಹುಲ್ಲಿನ ಬುಡದ ಹುಳು ಇವುಗಳನ್ನೂ ಖಾತೆಗೆ ಬರೆದು ಕೂಡಿಸಿದ ಮೇಲೆ ಹುಲ್ಲುಹಾಸಿನ ಅಂದಕ್ಕೆ ತೆತ್ತ ಬೆಲೆ ಎಷ್ಟೆಂದು ಪ್ರತಿಯೊಂದು ಮಂಡಳಿಯೂ ಮುಂದಿನ ಸಭೆಯಲ್ಲಿ ಎಣಿಸಿ ನೋಡಲಿ.